ಊರಿನ ಜಮೀನು: ಪಹಣಿ ಯಾರ ಹೆಸರಿನಲ್ಲಿದೆ?

ಚೆನ್ನೈ: ಎರಡು ಮೂರು ತಲೆಮಾರಿನಿಂದ ಈ ಮಹಾನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಊರ ಕಡೆ ಒಂದಿಷ್ಟು ಪಿತ್ರಾರ್ಜಿತ ಜಮೀನು ಉಳಿಸಿಕೊಂಡವರು ಅನೇಕರಿದ್ದಾರೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಬೀಳು ಎಂಬಂತಿದ್ದ ಆ ಹೊಲಗಳನ್ನು ಈಗ ಸೌರ ವಿದ್ಯುತ್, ಗಾಳಿಯಂತ್ರ, ಹೈಟೆನ್ಷನ್ ಲೈನ್, ಗ್ಯಾಸ್ ಪೈಪ್‌ಲೈನ್ ಯೋಜನೆಗಳು ಹುಡುಕಿಕೊಂಡು ಬರುತ್ತಿವೆ. ಇಂಥ ಹೊತ್ತಿನಲ್ಲಿ ದೂರದಲ್ಲಿರುವ ಮಾಲೀಕ ಸುಮ್ಮನಿದ್ದರೆ ಹಕ್ಕು ಕೈತಪ್ಪುವುದು ಖಂಡಿತ.

ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡಬಹುದು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ತಲೆಯೆತ್ತಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಈ ಪಾರ್ಕಿಗೆ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಒಡೆತನ ರೈತನಲ್ಲೇ ಉಳಿಯಿತು. ಬರದ ಸೀಮೆಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಲೆಕ್ಕ ಹಾಕಿದರೆ, 24 ವರ್ಷ ಕಳೆದರೂ ಆ ಬಾಡಿಗೆ 37,700 ರೂ. ಆಸುಪಾಸು ತಲುಪುತ್ತದೆ ಅಷ್ಟೆ. ಅಷ್ಟರಲ್ಲಿ ಅಕ್ಕಿ ಬೇಳೆಯ ಬೆಲೆ ಎಲ್ಲಿಗೆ ಮುಟ್ಟಿರುತ್ತದೆ? ಅಲ್ಲದೆ, ಬಾಡಿಗೆ ಸಿಗುವುದು ದಾಖಲೆ ಇದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಅದರಲ್ಲಿ ಪಾಲಿಲ್ಲ.

ತಮಿಳುನಾಡಿನಲ್ಲೂ ಪಾಠವಿದೆ. ಕನ್ನಡಿಗರೂ ನೆಲೆಸಿರುವ ಕೃಷ್ಣಗಿರಿ ಸೇರಿದಂತೆ ಏಳು ಜಿಲ್ಲೆಗಳ ಹೊಲಗಳಲ್ಲಿ ಗೇಲ್ ಪೈಪ್‌ಲೈನ್ ಹಾಯಿಸುವುದನ್ನು ರೈತರು ವಿರೋಧಿಸಿದರು. ರಾಜ್ಯ ಸರ್ಕಾರವೂ ಅವರ ಪರ ನಿಂತಿತು. ಆದರೂ 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕಂಪನಿಯ ಪರವಾಯಿತು. 1962ರ ಪೈಪ್‌ಲೈನ್ ಕಾಯ್ದೆಯಂತೆ ಭೂಮಿ ರೈತನದೇ. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬಳಕೆಯ ಹಕ್ಕಿಗೆ ಸಿಗುವುದು ಮಾರುಕಟ್ಟೆ ಬೆಲೆಯ ಶೇ. 10. ಆಕ್ಷೇಪಣೆ ಸಲ್ಲಿಸಲು ಇರುವ ಗಡುವು ಅಧಿಸೂಚನೆಯಿಂದ 21 ದಿನ ಮಾತ್ರ. ಚೆನ್ನೈನಲ್ಲಿ ಕುಳಿತ ಮಾಲೀಕನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಗಡುವೇ ಮುಗಿದಿರುತ್ತದೆ.

ಆದ್ದರಿಂದ ಮೊದಲ ಕೆಲಸ ಮನೆಯಿಂದಲೇ ಆಗಬೇಕು. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಕರ್ನಾಟಕದ ಪಹಣಿಯನ್ನು ಇಲ್ಲಿಂದಲೇ ಕಂಪ್ಯೂಟರ್‌ನಲ್ಲಿ ನೋಡಬಹುದು. ಅಣ್ಣತಮ್ಮಂದಿರಷ್ಟೇ ಅಲ್ಲ, ಅಕ್ಕತಂಗಿಯರೂ ಕೂತು ಪಾಲು ತೀರ್ಮಾನಿಸಿಕೊಳ್ಳುವುದು ಲೇಸು. ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಬಾಡಿಗೆ ಏರಿಕೆ, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟ್ ತೆಗೆಯುವ ಹೊಣೆ, ಕಂಪನಿ ಕೈಬದಲಾದರೆ ಏನು ಎಂಬ ಮೂರು ಸಂಗತಿಗಳನ್ನು ವಕೀಲರಿಂದ ಓದಿಸಿಕೊಳ್ಳಲೇಬೇಕು. ಯಾರಿಗೋ ಜಿಪಿಎ ಕೊಟ್ಟು ನಿಶ್ಚಿಂತೆಯಿಂದಿರುವುದು ಅಪಾಯ.

ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳನ್ನು ಅಚ್ಚುಕಟ್ಟಾಗಿ ನಡೆಸುವ ನಮ್ಮ ಸಂಘಗಳು ವರ್ಷಕ್ಕೊಂದು ಭಾನುವಾರವನ್ನು ಭೂದಾಖಲೆ ಮಾಹಿತಿಗೆ ಮೀಸಲಿಟ್ಟರೆ ಸದಸ್ಯರಿಗೆ ದೊಡ್ಡ ಉಪಕಾರವಾದೀತು. ಸಂಘದಲ್ಲಿ ವಕೀಲರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ.

ಇಷ್ಟೆಲ್ಲ ನೋಡಿಕೊಳ್ಳುವಾಗ ಇನ್ನೊಂದು ಮಾತು ಮರೆಯಬಾರದು. ಮಾಲೀಕ ಚೆನ್ನೈನಲ್ಲಿದ್ದಷ್ಟು ಕಾಲವೂ ಆ ಹೊಲವನ್ನು ಉತ್ತು ಬಿತ್ತಿದವರು ಊರಿನಲ್ಲೇ ಇದ್ದಾರೆ. ಬಾಡಿಗೆ ಹಣ ಇಲ್ಲಿನ ಬ್ಯಾಂಕ್ ಖಾತೆಗೆ ಬರುವ ದಿನ ಅವರ ದುಡಿಮೆ ನಿಂತಿರುತ್ತದೆ. ಒಪ್ಪಂದಕ್ಕೆ ಮುನ್ನ ಅವರೊಂದಿಗೂ ಕೂತು ಮಾತಾಡುವುದು ನ್ಯಾಯ.