ಸಂಶಯವೇ ಸಾಕ್ಷ್ಯವಾದಾಗ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಸೀಮೆಯ ಜನರಿಗೆ ಗೂಢಚಾರನ ಪರಿಚಯ ಎರಡು ಬಗೆಯಲ್ಲಿ ಆಗಿದೆ. ಒಂದು, ಬೆಳ್ಳಿತೆರೆಯ ಮೇಲೆ. ಕೊಳ್ಳೇಗಾಲ ತಾಲೂಕಿನ ಸಿಂಗಾನಲ್ಲೂರು ಮನೆತನದ ಡಾ. ರಾಜ್‌ಕುಮಾರ್, ದೊರೆ-ಭಗವಾನ್ ನಿರ್ದೇಶಿಸಿದ ‘ಜೇಡರ ಬಲೆ’ ಚಿತ್ರದಲ್ಲಿ 1968ರಲ್ಲಿ ಸಿ.ಐ.ಡಿ. 999 ಆಗಿ ಕಾಣಿಸಿಕೊಂಡರು. ‘ಗೋವಾದಲ್ಲಿ ಸಿ.ಐ.ಡಿ. 999’ ಮತ್ತು ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಅದರ ಬೆನ್ನಿಗೇ ಬಂದವು. ಇನ್ನೊಂದು ಪರಿಚಯ ಕಾಡಂಚಿನ ಹಳ್ಳಿಗಳದ್ದು. ಅಲ್ಲಿ ಒಬ್ಬ ಬಡವನನ್ನು ಮಾಹಿತಿದಾರನೆಂದು ಯಾರಾದರೂ ಬೊಟ್ಟು ಮಾಡಿ ತೋರಿಸಿದರೆ ಅವನ ಬದುಕು ಅಂದಿಗೆ ಮುಗಿದಂತೆಯೇ ಆಗುತ್ತಿದ್ದ ಕಾಲವೊಂದಿತ್ತು. ಮೊದಲನೆಯದು ಮನರಂಜನೆ, ಎರಡನೆಯದು ಜೀವನ್ಮರಣದ ಪ್ರಶ್ನೆ. ಇವೆರಡಕ್ಕೂ ಸಂಬಂಧವೇ ಇಲ್ಲವೆಂದು ತಿಳಿಯುವುದು ಸುಲಭ. ಆದರೆ ಸಂಬಂಧವಿದೆ. ಅದನ್ನು ಅರಿಯಲು ಎಂಟು ದಶಕಗಳಿಗೂ ಹಿಂದಿನ ಒಂದು ಪ್ರಸಿದ್ಧ ಚಿತ್ರವನ್ನು ನೆನಪಿಸಿಕೊಳ್ಳಬೇಕಾಗುತ್ತದೆ.

ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ ‘ಫಾರಿನ್ ಕರೆಸ್ಪಾಂಡೆಂಟ್’ 1940ರ ಆಗಸ್ಟ್‌ನಲ್ಲಿ ತೆರೆಕಂಡಿತು. ಯುರೋಪಿಗೆ ಕಳುಹಿಸಲ್ಪಟ್ಟ ಅಮೆರಿಕನ್ ವರದಿಗಾರನೊಬ್ಬ ಗೂಢಚಾರರ ಜಾಲವನ್ನು ಬಯಲಿಗೆಳೆಯುವುದು ಅದರ ಕಥೆ. ಒಪ್ಪಂದವೊಂದರ ರಹಸ್ಯ ಕಲಮನ್ನು ಬಲ್ಲ ಡಚ್ ರಾಜತಾಂತ್ರಿಕನನ್ನು ಶತ್ರುಗಳು ಅಪಹರಿಸುತ್ತಾರೆ. ಅವನನ್ನೇ ಹೋಲುವ ಇನ್ನೊಬ್ಬನನ್ನು ಆಮ್‌ಸ್ಟರ್‌ಡಾಮಿನ ಬೀದಿಯಲ್ಲಿ ಎಲ್ಲರೆದುರು ಕೊಂದು, ಆತ ಸತ್ತನೆಂದು ಜಗತ್ತನ್ನು ನಂಬಿಸುತ್ತಾರೆ. ಕೊನೆಯ ದೃಶ್ಯದಲ್ಲಿ ಲಂಡನ್ ನಗರದ ಮೇಲೆ ಬಾಂಬುಗಳು ಬೀಳುತ್ತಿರುವಾಗ, ದೀಪಗಳು ಆರಿದ ಕೋಣೆಯಿಂದ ವರದಿಗಾರ ರೇಡಿಯೋದಲ್ಲಿ ತನ್ನ ದೇಶವಾಸಿಗಳನ್ನು ಎಚ್ಚರಿಸುತ್ತಾನೆ. ಗಮನಿಸಬೇಕಾದ ಸಂಗತಿಯೆಂದರೆ, ಲಂಡನ್ ಮೇಲೆ ಜರ್ಮನಿಯ ನಿರಂತರ ಬಾಂಬ್ ದಾಳಿ ಆರಂಭವಾದದ್ದು 1940ರ ಸೆಪ್ಟೆಂಬರ್ 7ರಂದು. ಅಂದರೆ ಚಿತ್ರ ಬಿಡುಗಡೆಯಾದ ಮೇಲೆ! ಅಮೆರಿಕ ಆಗಿನ್ನೂ ತಟಸ್ಥ ರಾಷ್ಟ್ರವಾಗಿತ್ತು. ಆ ಕೊನೆಯ ಭಾಷಣ ಪ್ರೇಕ್ಷಕರನ್ನು ರಂಜಿಸಲಿಕ್ಕಿರಲಿಲ್ಲ, ಅವರನ್ನು ಯುದ್ಧಕ್ಕೆ ಸಿದ್ಧಗೊಳಿಸಲಿಕ್ಕಿತ್ತು. ಶತ್ರು ಪಾಳಯದ ಪ್ರಚಾರ ಸಚಿವ ಗೊಬೆಲ್ಸ್ ಕೂಡ ಈ ಚಿತ್ರದ ಪ್ರಚಾರಶಕ್ತಿಯನ್ನು ಮೆಚ್ಚಿಕೊಂಡಿದ್ದ. ಕಸುಬುದಾರನಿಗೆ ಕಸುಬಿನ ಗುಟ್ಟು ತಿಳಿಯದೇ?

ನಾಝಿಸಂ ಮನುಕುಲದ ಶತ್ರುವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ಎದುರಿಸಿರೆಂದು ಕರೆ ನೀಡಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಚಿತ್ರದ ವಿರುದ್ಧ ನಿಂತವರೆಲ್ಲ ಸಾಚಾಗಳೂ ಆಗಿರಲಿಲ್ಲ. 1941ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯೊಂದು ಸಿನಿಮಾಗಳ ಯುದ್ಧಪ್ರಚಾರದ ಬಗ್ಗೆ ವಿಚಾರಣೆಗಿಳಿದಾಗ, ಅದರ ಹಿಂದಿದ್ದವರ ಮಾತುಗಳಲ್ಲಿ ಯೆಹೂದಿ ದ್ವೇಷ ಇಣುಕುತ್ತಿತ್ತು. ಪ್ರಶ್ನೆಯಿರುವುದು ಚಿತ್ರದ ಉದ್ದೇಶದ ಬಗ್ಗೆ ಅಲ್ಲ, ಅದು ಹಿಡಿದ ದಾರಿಯ ಬಗ್ಗೆ. ಆ ಚಿತ್ರದಲ್ಲಿ ಶತ್ರುವಿನ ಏಜೆಂಟನಾಗಿ ಹೊರಬೀಳುವವನು ಯಾರು? ಶಾಂತಿ ಸಂಘಟನೆಯೊಂದರ ಮುಖ್ಯಸ್ಥ! ಸಭ್ಯ, ಸುಸಂಸ್ಕೃತ, ಎಲ್ಲರ ಗೌರವಕ್ಕೆ ಪಾತ್ರನಾದವನು. ಕೊನೆಗೆ ಇತರರ ಜೀವ ಉಳಿಯಲೆಂದು ತಾನೇ ಕಡಲಿಗೆ ಬೀಳುವಷ್ಟು ಮನುಷ್ಯತ್ವವನ್ನು ಹಿಚ್‌ಕಾಕ್ ಅವನಿಗೆ ಕೊಟ್ಟಿದ್ದಾರೆ, ನಿಜ. ಆದರೂ ಯುದ್ಧ ಬೇಡವೆನ್ನುವವನ ಕೋಟಿನೊಳಗೆ ಶತ್ರುವಿನ ಸಂದೇಶ ಅಡಗಿರಬಹುದು ಎಂಬ ಭಾವನೆಯನ್ನು ಹೊತ್ತುಕೊಂಡೇ ಪ್ರೇಕ್ಷಕ ಮನೆಗೆ ಮರಳುತ್ತಾನೆ.

ಅದೇ ವರ್ಷ ನಮ್ಮ ದೇಶದಲ್ಲಿ ಏನಾಗುತ್ತಿತ್ತು? 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿಥ್‌ಗೊ ಭಾರತೀಯರನ್ನು ಒಂದು ಮಾತೂ ಕೇಳದೆ ಭಾರತವನ್ನು ಯುದ್ಧಕ್ಕೆ ನೂಕಿದ್ದರು. ಆಗ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಹನೂರನ್ನು ಒಳಗೊಂಡ ಕೊಳ್ಳೇಗಾಲ ತಾಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿ ನೇರವಾಗಿ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಚಿತ್ರ ತೆರೆಕಂಡ ಎರಡೇ ತಿಂಗಳಲ್ಲಿ, 1940ರ ಅಕ್ಟೋಬರ್ 17ರಂದು, ವಿನೋಬಾ ಭಾವೆ ಯುದ್ಧದ ವಿರುದ್ಧ ಮಾತನಾಡುವ ಹಕ್ಕಿಗಾಗಿ ವೈಯಕ್ತಿಕ ಸತ್ಯಾಗ್ರಹ ಆರಂಭಿಸಿದರು ಮತ್ತು ಕೆಲವೇ ದಿನಗಳಲ್ಲಿ ಬಂಧಿತರಾದರು. ಅವರು ಯಾವ ಶತ್ರುವಿನ ಏಜೆಂಟರಾಗಿದ್ದರು? ಹಿಟ್ಲರನನ್ನು ಖಂಡಿಸುತ್ತಲೇ ಸಾಮ್ರಾಜ್ಯಶಾಹಿಯ ಯುದ್ಧವನ್ನು ಪ್ರಶ್ನಿಸುವವನಿಗೆ ಪತ್ತೇದಾರಿ ಕಥೆಯಲ್ಲಿ ಪಾತ್ರವೇ ಇಲ್ಲ. ಅಲ್ಲಿ ಇರುವುದು ಇಬ್ಬರೇ, ನಮ್ಮವನು ಮತ್ತು ದ್ರೋಹಿ.

ಇಂಥ ಕಥೆಗಳಿಗೆ ಇನ್ನೊಂದು ನಿಯಮವೂ ಇದೆ. ನಾಯಕನ ಸಂಶಯ ಎಂದೂ ಸುಳ್ಳಾಗುವುದಿಲ್ಲ. ಅವನಿಗೆ ನ್ಯಾಯಾಲಯ ಬೇಡ, ಸಾಕ್ಷಿ ಬೇಡ, ವಕೀಲ ಬೇಡ. ಪ್ರೇಕ್ಷಕನಿಗೆ ಮೊದಲೇ ಅಪರಾಧಿಯನ್ನು ತೋರಿಸಿಬಿಟ್ಟಿರುವುದರಿಂದ ವಿಚಾರಣೆ ಎಂಬುದು ಕಾಲಹರಣವೆನಿಸುತ್ತದೆ. ಭಾಷಣಕ್ಕಿಂತ ಹೆಚ್ಚು ಆಳಕ್ಕಿಳಿಯುವ ರಾಜಕೀಯ ಪ್ರಚಾರ ಇದುವೇ.

ಈ ನಿಯಮ ತೆರೆಯಿಂದ ನೆಲಕ್ಕೆ ಇಳಿದರೆ ಏನಾಗುತ್ತದೆಂದು ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನವರಿಗಿಂತ ಚೆನ್ನಾಗಿ ಬಲ್ಲವರಾರು? ಪೊಲೀಸರ ಮಾಹಿತಿದಾರರೆಂಬ ಸಂಶಯದ ಮೇಲೆ ವೀರಪ್ಪನ್ ಹಳ್ಳಿಗರನ್ನು ಕೊಂದ. ವೀರಪ್ಪನ್‌ನ ಮಾಹಿತಿದಾರರೆಂಬ ಸಂಶಯದ ಮೇಲೆ ವಿಶೇಷ ಕಾರ್ಯಪಡೆ ಅದೇ ಹಳ್ಳಿಗರನ್ನು ಹಿಡಿದೊಯ್ದಿತು. ಅಲ್ಲಿ ಚಿತ್ರಹಿಂಸೆ ನಡೆಯಿತೆಂಬ ದೂರುಗಳ ತನಿಖೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿ ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ನೀಡುವಂತೆ ಹೇಳಿತು. ಟಾಡಾ ಕಾಯ್ದೆಯಡಿ ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆಗೊಳಗಾದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಜನ 2001ರಲ್ಲಿ ನಿರ್ದೋಷಿಗಳೆಂದು ಬಿಡುಗಡೆಗೊಂಡರು. ಆ ವೇಳೆಗೆ ಅವರ ಆಯುಷ್ಯದ ಅಮೂಲ್ಯ ವರ್ಷಗಳು ಜೈಲಿನಲ್ಲಿ ಕಳೆದುಹೋಗಿದ್ದವು.

ಹಾಗೆಂದು ಪೊಲೀಸರು ತೆತ್ತ ಬೆಲೆಯನ್ನು ಮರೆಯಲಾದೀತೇ? 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ವೀರಪ್ಪನ್ ತಂಡದ ದಾಳಿಗೆ ಬಲಿಯಾದರು. 2000ನೇ ಇಸವಿಯಲ್ಲಿ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅಪಹರಿಸಿ 108 ದಿನ ಒತ್ತೆಯಿಟ್ಟುಕೊಂಡಾಗ, ಟಾಡಾ ಬಂಧಿತರ ಮೇಲಿನ ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರಕಾರ ಮುಂದಾಯಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ತಡೆದವರು ಶಕೀಲ್ ಅಹ್ಮದ್‌ರ ವೃದ್ಧ ತಂದೆ. ಮಗನನ್ನು ಕಳೆದುಕೊಂಡ ಆ ತಂದೆ ಕೇಳಿದ್ದು ಸೇಡನ್ನಲ್ಲ, ನ್ಯಾಯಾಲಯದ ತೀರ್ಪನ್ನು. ಮರುವರ್ಷ ಅದೇ ವಿಚಾರಣೆಯೇ ನಿರಪರಾಧಿಗಳಿಗೆ ಬಿಡುಗಡೆಯನ್ನೂ ಕೊಟ್ಟಿತು. ಹತನಾದ ಅಧಿಕಾರಿಯ ತಂದೆಗೂ ಜೈಲಿನಲ್ಲಿ ಕೊಳೆತ ಕೂಲಿಕಾರನಿಗೂ ಬೇಕಾಗಿದ್ದದ್ದು ಒಂದೇ ಆಗಿತ್ತು: ಸಾಕ್ಷ್ಯವನ್ನು ತೂಗಿ ನೋಡುವ ತಕ್ಕಡಿ. ಪತ್ತೇದಾರಿ ಸಿನಿಮಾ ಮೊದಲು ಎತ್ತಿ ಬಿಸಾಡುವುದು ಆ ತಕ್ಕಡಿಯನ್ನೇ.

2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ. 2016ರಲ್ಲಿ ಬಂದ ರಾಮ್‌ಗೋಪಾಲ್ ವರ್ಮಾರ ‘ಕಿಲ್ಲಿಂಗ್ ವೀರಪ್ಪನ್’ ಚಿತ್ರದಲ್ಲಿ ಬಲೆ ಬೀಸುವ ಪೊಲೀಸ್ ಅಧಿಕಾರಿಯ ಪಾತ್ರ ವಹಿಸಿದವರು ರಾಜ್‌ಕುಮಾರ್ ಪುತ್ರ ಶಿವರಾಜ್‌ಕುಮಾರ್. ಪ್ರೇಕ್ಷಕರು ನೆನಪಿಟ್ಟುಕೊಂಡದ್ದು ಬೇಟೆಗಾರನನ್ನು ಮತ್ತು ಬೇಟೆಯನ್ನು. ಆ 89 ಮಂದಿಯನ್ನು ನೆನಪಿಟ್ಟವರೆಷ್ಟು?

ಪತ್ತೇದಾರಿ ಚಿತ್ರಗಳನ್ನು ನೋಡಬಾರದೆಂದು ನಾವು ಹೇಳುತ್ತಿಲ್ಲ. ಹಿಚ್‌ಕಾಕ್ ಅವರ ಪ್ರತಿಭೆಗೆ ಮಾರುಹೋಗದವರು ವಿರಳ. ಆದರೆ ಯುದ್ಧದ ಮಾತು ಜೋರಾದಾಗಲೆಲ್ಲ ಇಂಥ ಕಥೆಗಳು ಚಿತ್ರಮಂದಿರದಿಂದ ಸುದ್ದಿವಾಹಿನಿಗೆ, ಅಲ್ಲಿಂದ ಚಹಾದಂಗಡಿಗೆ ಇಳಿಯುತ್ತವೆ. ಒಬ್ಬನ ಹೆಸರು, ಉಡುಪು, ಭಾಷೆಯೇ ಅವನ ವಿರುದ್ಧ ದೋಷಾರೋಪ ಪಟ್ಟಿಯಾಗುತ್ತದೆ. ಆಗ ಪ್ರತಿಯೊಬ್ಬರೂ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಸಾಕ್ಷ್ಯ ಎಲ್ಲಿದೆ? ಸಿನಿಮಾದಲ್ಲಿ ಆ ಪ್ರಶ್ನೆ ಕೇಳುವವನು ಕಥೆಗೆ ಅಡ್ಡಿ. ಬದುಕಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳದೇ ಹೋದದ್ದಕ್ಕೆ ತೆತ್ತ ಬೆಲೆ ಎಷ್ಟೆಂದು ಮಹದೇಶ್ವರ ಬೆಟ್ಟದ ತಪ್ಪಲಿನ ಹಳ್ಳಿಗಳು ಬಲ್ಲವು.