ವಯೋಮಿತಿ ಯಾರಿಗೆ ಸ್ವಾಮಿ?



"ಈ ವಯಸ್ಸಲ್ಲಿ ಇನ್ನೇನು ಓದ್ತೀಯ? ಮಕ್ಕಳನ್ನ ಓದ್ಸು, ಸಾಕು." ನಲವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಎಂ.ಎ.ಗೋ, ಎಂ.ಎಸ್.ಡಬ್ಲ್ಯು.ಗೋ ಸೇರುವ ನಮ್ಮ ಜನಕ್ಕೆ ಮೊದಲು ಬೀಳುವ ಮಾತು ಇದು. ನಲವತ್ತೊಂದಕ್ಕೆ ಎಂ.ಎ. ಸೇರಿದಾಗ ನನಗೂ ಬಿತ್ತು. ಮೇಲ್ಜಾತಿಯವರು ಹೇಳ್ತಾರೆ, ಬಿಡಿ. ನಮ್ಮ ಸಂಘಟನೆಗಳ ಒಳಗೂ ಹೇಳ್ತಾರಲ್ಲ, ಅದಕ್ಕೇ ಬರೀತಿದೀನಿ.

ಅದೇ ನಲವತ್ತರ ಐಟಿ ಮ್ಯಾನೇಜರ್ ಲಕ್ಷಾಂತರ ರೂಪಾಯಿ ಕಟ್ಟಿ ಎಕ್ಸಿಕ್ಯುಟಿವ್ ಎಂಬಿಎ ಸೇರಲಿ, ಎಲ್ರೂ ಶಹಬ್ಬಾಸ್ ಅಂತಾರೆ. ಅಲ್ಲಿ ಇಷ್ಟು ವರ್ಷ ದುಡಿದಿರಬೇಕು ಅನ್ನೋದೇ ಅರ್ಹತೆ. ಅವರ ದುಡಿಮೆಗೆ 'ಅನುಭವ' ಅಂತ ಹೆಸರು. ನಮ್ಮ ದುಡಿಮೆಗೆ 'ವಯೋಮಿತಿ ಮೀರಿದೆ' ಅಂತ ಷರಾ!

ನೆಟ್ ಪರೀಕ್ಷೆಯನ್ನೇ ನೋಡಿ. ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಗರಿಷ್ಠ ವಯಸ್ಸೇ ಇಲ್ಲ, ಐವತ್ತಕ್ಕೂ ಬರೀಬಹುದು. ಆದ್ರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಕೊಡುವ ಜೆಆರ್‌ಎಫ್‌ಗೆ 30 ವರ್ಷದ ಮಿತಿ. ಪರಿಶಿಷ್ಟರಿಗೆ ಸಡಿಲಿಕೆ ಸೇರಿ 35. ಅಂದ್ರೆ ನಲವತ್ತರ ದಲಿತನಿಗೆ ಪಾಠ ಮಾಡೋ ಯೋಗ್ಯತೆ ಇದೆ, ಸಂಶೋಧನೆ ಮಾಡುವಾಗ ಉಣ್ಣೋ ಯೋಗ್ಯತೆ ಇಲ್ಲ. ಇದ್ಯಾವ ನ್ಯಾಯ? ವಿದೇಶದಲ್ಲಿ ಓದೋಕೆ ಕೇಂದ್ರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಬಾಗಿಲೂ 35ಕ್ಕೇ ಮುಚ್ಚುತ್ತೆ.

ಐದು ವರ್ಷ ಸಡಿಲಿಕೆ ಕೊಟ್ಟಿದೀವಲ್ಲ ಅಂತೀರಾ? ಲೆಕ್ಕ ಹಾಕಿ. ಪಿಯುಸಿ ಮುಗಿಸಿ ಗಾರ್ಮೆಂಟ್ಸ್‌ಗೋ, ಸೆಕ್ಯುರಿಟಿ ಕೆಲಸಕ್ಕೋ ಸೇರಬೇಕು. ಅಪ್ಪನ ಸಾಲ ತೀರಬೇಕು, ತಂಗಿ ಮದುವೆ ಆಗಬೇಕು, ಸಂಬಳದ ನಡುವೆ ಡಿಗ್ರಿ ಮುಗಿಸಬೇಕು, ಮಕ್ಕಳು ಒಂದು ದಡ ಸೇರಬೇಕು. ಅಷ್ಟೊತ್ತಿಗೆ ನಲವತ್ತು. ಹೆಣ್ಣುಮಕ್ಕಳಾದ್ರೆ ಇನ್ನೂ ತಡ. ಸಾವಿರಾರು ವರ್ಷ ಅಕ್ಷರ ಮುಟ್ಟಬೇಡಿ ಅಂದೋರು, ಈಗ ತಡವಾಗಿ ಬಂದ್ರಿ ಅಂತ ನಮ್ಮನ್ನೇ ದೂರ್ತಾರೆ!

ಬಾಬಾಸಾಹೇಬರು 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ನಿನ ಓದು ಅರ್ಧಕ್ಕೇ ಬಿಟ್ಟು ಬರಬೇಕಾಯ್ತು. ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ದುಡ್ಡು ಕೂಡಿಟ್ಟರು. ಶಾಹು ಮಹಾರಾಜರ ನೆರವು, ಗೆಳೆಯನ ಸಾಲ ಸೇರಿಸಿಕೊಂಡು 1920ರಲ್ಲಿ ಆ ಪ್ರಾಧ್ಯಾಪಕ ಹುದ್ದೆ ಬಿಟ್ಟು ಮತ್ತೆ ಲಂಡನ್ನಿಗೆ ಹೋದರು. ಆಗ ಸಂಸಾರ ಇತ್ತು. ಆ ಓದಿನ ಬೆಲೆ ತೆತ್ತವರು ಮನೆಯಲ್ಲಿ ಬಡತನ ನುಂಗಿಕೊಂಡ ರಮಾಬಾಯಿ. ಕೊಲಂಬಿಯಾದ ಪಿಎಚ್.ಡಿ. ಪದವಿ ಕೈಗೆ ಬಂದಿದ್ದು 1927ರಲ್ಲಿ, 36ನೇ ವಯಸ್ಸಿಗೆ. ಜ್ಯೋತಿಬಾ ಫುಲೆ 1855ರಲ್ಲೇ ದುಡಿಯುವ ಜನಕ್ಕೆ ರಾತ್ರಿಶಾಲೆ ತೆರೆದಿದ್ದರು. ಇವರ ಫೋಟೋ ಹಾಕಿಕೊಂಡ ನಾವು, ದೊಡ್ಡವರ ಓದಿಗೆ ಮೂಗು ಮುರಿಯೋದಾ?

"ಹುಡುಗರ ಸೀಟು ಕಿತ್ಕೋತೀರಿ" ಅನ್ನೋರಿಗೂ ಒಂದು ಮಾತು. ಸೀಟು ಕಡಿಮೆ ಇದ್ರೆ ಹೆಚ್ಚು ಮಾಡಿ ಅಂತ ಸರ್ಕಾರವನ್ನ ಕೇಳಿ. ಒಂದು ತುತ್ತಿಗೆ ಅಪ್ಪ ಮಗನನ್ನ ಜಗಳಕ್ಕೆ ಬಿಡಬೇಡಿ. ಜಾತಿ ಅಂದ್ರೇನೇ ಹುಟ್ಟಿನಿಂದ ಬಂದ ಕೆಲಸದಲ್ಲೇ ಸಾಯಬೇಕು ಅನ್ನೋ ಕಟ್ಟಳೆ. ಪೊರಕೆ ಹಿಡಿದ ಕೈ ನಲವತ್ತೈದಕ್ಕೆ ವಕಾಲತ್ತು ಹಿಡಿದರೆ ಆ ಕಟ್ಟಳೆ ಅಷ್ಟರ ಮಟ್ಟಿಗೆ ಮುರೀತು. ಅದು ಹೋರಾಟ ಅಲ್ಲದೆ ಇನ್ನೇನು?

ಹಾಗಾಗಿ ನಮ್ಮ ಹಕ್ಕೊತ್ತಾಯ ಇಷ್ಟು: ಪರಿಶಿಷ್ಟರ ಫೆಲೋಶಿಪ್, ವಿದ್ಯಾರ್ಥಿವೇತನಗಳ ವಯೋಮಿತಿ ತೆಗೀರಿ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಂಜೆ ಹೊತ್ತಿನ ಸ್ನಾತಕೋತ್ತರ ತರಗತಿ ನಡೆಸಿ. ಪೌರಕಾರ್ಮಿಕರಿಗೆ, ಡಿ ಗ್ರೂಪ್ ನೌಕರರಿಗೆ, ಗುತ್ತಿಗೆ ನೌಕರರಿಗೂ ಸಂಬಳ ಸಹಿತ ಅಧ್ಯಯನ ರಜೆ ಕೊಡಿ.

ಸಂಘಟನೆಯ ಗೆಳೆಯರಿಗೆ ಕೊನೇ ಮಾತು. ನಿಮ್ಮ ಬೀದಿಯಲ್ಲಿ ಅರ್ಜಿ ಫಾರಂ ಹಿಡ್ಕೊಂಡು ಹಿಂದೆಮುಂದೆ ನೋಡ್ತಿರೋ ಅಕ್ಕ, ಅಣ್ಣ ಇದ್ರೆ ವಯಸ್ಸೆಷ್ಟು ಅಂತ ಕೇಳಬೇಡಿ. ಫೀಸಿಗೆ ಎಷ್ಟು ಕಮ್ಮಿ ಬಿದ್ದಿದೆ ಅಂತ ಕೇಳಿ.

ಜೈ ಭೀಮ್. ಶೇರ್ ಮಾಡಿ.