ಆಟದ ಲೆಕ್ಕ: ಸೋತ ಮೇಲೂ ಒಂದು ಬಾಗಿಲು

ಮಕ್ಕಳೇ, ಈ ವಾರ ಒಂದು ಪುಟ್ಟ ಲೆಕ್ಕದಿಂದ ಶುರು ಮಾಡೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ – ಊರಿಗೊಂದರಂತೆ ನಾಲ್ಕು ಕಾಲೇಜು ತಂಡಗಳು ಬ್ಯಾಸ್ಕೆಟ್‌ಬಾಲ್ ಆಡಲು ಸೇರಿವೆ ಎಂದುಕೊಳ್ಳಿ. ಸೋತವರು ಸೀದಾ ಮನೆಗೆ; ಅದೇ ನಾಕೌಟ್. ಒಟ್ಟು ಪಂದ್ಯ ಎಷ್ಟು?

ಬೆರಳು ಮಡಿಸಬೇಕಿಲ್ಲ. ಪ್ರತಿ ಪಂದ್ಯಕ್ಕೂ ಒಂದು ತಂಡ ಹೊರಗೆ ಹೋಗುತ್ತದೆ. ಕೊನೆಗೆ ಉಳಿಯುವುದು ಒಂದೇ, ಸೋಲಬೇಕಾದವು ಮೂರು. ಹಾಗಾಗಿ ಪಂದ್ಯಗಳೂ 3. ತಂಡಗಳು 16 ಇದ್ದರೆ ಪಂದ್ಯ 15, 68 ಇದ್ದರೆ 67.

ಲೆಕ್ಕ ಸುಲಭ, ಆಡುವವರಿಗೆ ಮಾತ್ರ ಕಷ್ಟ. ಬ್ಯಾಸ್ಕೆಟ್‌ಬಾಲ್ ಪಂದ್ಯ ಎಂದರೆ 10 ನಿಮಿಷದ 4 ಭಾಗ, ಒಟ್ಟು 40 ನಿಮಿಷ. ತಿಂಗಳುಗಟ್ಟಲೆ ಮುಂಜಾನೆ ಎದ್ದು ಅಭ್ಯಾಸ ಮಾಡಿದ ತಂಡ ಮೊದಲ ಪಂದ್ಯದಲ್ಲೇ ಸೋತರೆ ಆ 40 ನಿಮಿಷಕ್ಕೇ ಎಲ್ಲ ಮುಗಿಯಿತು. ನಾಲ್ಕರಲ್ಲಿ ಎರಡು ತಂಡಗಳಿಗೆ ಇದೇ ಗತಿ. ಎಲ್ಲರೂ ಎಲ್ಲರ ಜೊತೆ ಆಡುವ ಲೀಗ್ ಇಟ್ಟರೆ ಪಂದ್ಯ 6 ಆಗುತ್ತದೆ, ಪ್ರತಿ ತಂಡಕ್ಕೂ 3 ಆಟ ಸಿಗುತ್ತದೆ. ಆದರೆ ಅಷ್ಟೂ ದಿನ ಅಂಗಳ, ಊಟ, ವಸತಿ, ರೆಫರಿ ಎಲ್ಲವೂ ಬೇಕು. ಅದಕ್ಕೇ ಎಷ್ಟೋ ಕಡೆ ಎರಡನ್ನೂ ಬೆರೆಸುತ್ತಾರೆ.

ಅಮೆರಿಕದಲ್ಲಿ ಕಾಲೇಜು ತಂಡಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ತಿಂಗಳುಗಟ್ಟಲೆ ಆಡುತ್ತವೆ. ಮಾರ್ಚ್‌ನಲ್ಲಿ ಪ್ರತಿ ಗುಂಪಿಗೂ ಒಂದು ನಾಕೌಟ್. ಅದನ್ನು ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. 2024ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ತಂಡ ಲೀಗ್‌ನ ಕೊನೆಯ ನಾಲ್ಕು ಪಂದ್ಯಗಳನ್ನೂ ಸೋತು 10ನೇ ಸ್ಥಾನದಲ್ಲಿತ್ತು. ಅದೇ ತಂಡ ಐದು ದಿನದಲ್ಲಿ ಐದು ಪಂದ್ಯ ಗೆದ್ದು ತನ್ನ ಗುಂಪಿನ ಕಪ್ ಎತ್ತಿತು. ಮುಂದೆ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ವರೆಗೂ ಹೋಯಿತು!

ನಮ್ಮಲ್ಲಿ ಬಾಗಿಲು ಬೇರೆ ಥರ ತೆರೆಯುತ್ತದೆ. ಕಾಲೇಜುಗಳು ಮೊದಲು ತಮ್ಮ ವಿಶ್ವವಿದ್ಯಾಲಯದ ಒಳಗೆ ಸೆಣಸುತ್ತವೆ. ರಾಮನಗರದ ಕಡೆಯ ಹಲವು ಪದವಿ ಕಾಲೇಜುಗಳಿಗೆ ಅದು ಬೆಂಗಳೂರು ವಿಶ್ವವಿದ್ಯಾಲಯ. ಆಮೇಲೆ ಬೇರೆ ಬೇರೆ ಕಾಲೇಜುಗಳ ಒಳ್ಳೆಯ ಆಟಗಾರರನ್ನು ಆರಿಸಿ ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ಆ ತಂಡ ದಕ್ಷಿಣ ವಲಯದಲ್ಲಿ ಆಡುತ್ತದೆ. ಅಲ್ಲಿ ಮುಂದೆ ಬಂದರೆ ಅಖಿಲ ಭಾರತ ಮಟ್ಟಕ್ಕೆ.

ಅಂದರೆ ಕಾಲೇಜು ಸೋತರೂ ಅಲ್ಲಿನ ಆಟಗಾರ್ತಿ ಗೆಲ್ಲಬಹುದು. ಇಪ್ಪತ್ತು ಪಾಯಿಂಟ್ ಹಿಂದಿದ್ದರೂ ಕೊನೆಯ ನಿಮಿಷದಲ್ಲಿ ಓಡಿ ಚೆಂಡು ತಡೆಯುವವಳು ಆಯ್ಕೆ ಮಾಡುವವರ ಕಣ್ಣಿಗೆ ಬೀಳದೆ ಇರುತ್ತಾಳೆಯೇ?

ಅಪ್ಪ ಅಮ್ಮಂದಿರಿಗೆ ಒಂದು ಮಾತು: ಮಗು ಆಟ ಮುಗಿಸಿ ಬಂದಾಗ “ಗೆದ್ದೆಯಾ?” ಎನ್ನುವ ಮೊದಲು “ಹೇಗೆ ಆಡಿದೆ?” ಎಂದು ಕೇಳಿ ನೋಡಿ.

ಈಗ ನಿಮಗೊಂದು ಪ್ರಶ್ನೆ. ನಾಲ್ಕು ಊರಿನಿಂದ ಎರಡೆರಡು, ಒಟ್ಟು 8 ತಂಡ. ನಾಲ್ಕು ನಾಲ್ಕರ ಎರಡು ಗುಂಪು ಮಾಡಿ ಲೀಗ್. ಪ್ರತಿ ಗುಂಪಿನ ಮೊದಲ ಇಬ್ಬರಿಗೆ ಸೆಮಿಫೈನಲ್, ಆಮೇಲೆ ಫೈನಲ್. ಒಟ್ಟು ಪಂದ್ಯ ಎಷ್ಟು? ಉತ್ತರ ಮುಂದಿನ ವಾರ.